ಸೋಮವ್ವ ತುಂಬಿದ ಉಡಿ

ಮುಲುಂಡಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿ ಗುರುಪಾದನದು. ಏಳು ವರ್ಷ ಜೈಲಿನಲ್ಲಿದ್ದ ಅವನ ಅಕ್ಕ ಸೋಮವ್ವ ಹೋದ ಚಳಿಗಾಲದಲ್ಲಿ ಪೆರೋಲಿನ ಮೇಲೆ ಅಲ್ಲಿಗೆ ಬಂದಳು. ತಿಂಗಳು ಕಳೆದರೆ ಮತ್ತೆ ಒಳಗೆ. ಅಲ್ಲಿಯವರೆಗೆ ದಿನಾ ಪೊಲೀಸ್ ಸ್ಟೇಷನ್ನಿನಲ್ಲಿ ಸಹಿ ಹಾಕಬೇಕು, ಮುಂಬೈ ದಾಟಬಾರದು. ತಪ್ಪಿದರೆ ಜಾಮೀನು ನಿಂತ ತಮ್ಮನ ಕುತ್ತಿಗೆಗೆ ಬರುತ್ತಿತ್ತು.

ಅವಳನ್ನು ಕಂಡರೆ ಚಾಳಿನ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಗಂಡನನ್ನು ಕೊಂದವಳಂತೆ! ಕುಡಿದು ಬಂದು ಬಡಿಯುತ್ತಿದ್ದ ಗಂಡನನ್ನು ಇವಳು ಒಂದು ದಿನ ತಳ್ಳಿದಳು, ಅವನು ಮೆಟ್ಟಿಲಿಂದ ಉರುಳಿ ಸತ್ತ. ಅವರ ಪಿಸುಮಾತು ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇವಳಂಥ ಅಂಜುಬುರುಕಿಯನ್ನು ನಾನು ಕಂಡಿಲ್ಲ. ಲೋಕಲ್ ರೈಲು ಹತ್ತುತ್ತಿರಲಿಲ್ಲ, ಮೈಮರೆತು ಕೂತು ಥಾಣೆ ಬಂದುಬಿಟ್ಟರೆ ಎಂಬ ಭಯ. ಮುಂಬೈ ಮುಗಿಯುವ ಚೆಕ್ ನಾಕಾದ ಆಚೆಯೂ ಥಾಣೆಯೇ. ಅಲ್ಲಿ ಸೊಪ್ಪು ಚೆನ್ನಾಗಿರುತ್ತದೆ, ಬಾ ಅಂದರೆ, “ಬ್ಯಾಡ್ರಿ ಸೇವಂತಕ್ಕ, ನನಗ ಈ ಕಡೀದು ಬಾಡಿದ್ದ ಸಾಕು” ಅನ್ನುವಳು. ನಾನು ಗೇಲಿ ಮಾಡುತ್ತಿದ್ದೆ.

ಅವಳ ಒಬ್ಬಳೇ ಮಗಳು ಸಪ್ನಾ ಮದುವೆಯಾಗಿ ನಾಕಾದ ಆಚೆ ಸಂಸಾರ ಹೂಡಿದ್ದಳು. ತಾಯಿಯನ್ನು ನೋಡಲು ಜೈಲಿಗೆ ಒಮ್ಮೆಯೂ ಹೋದವಳಲ್ಲ. ಈಗ ಬಸುರಿ. ಅವರ ಊರು ವಿಜಯಪುರದ ಕಡೆ ತವರಿನವರು ಬಸುರಿಗೆ ಹಸಿರು ಬಳೆ ತೊಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಸೋಮವ್ವ ಎಲ್ಲ ಗಂಟು ಕಟ್ಟಿ ನನ್ನ ಮುಂದಿಟ್ಟಳು.

“ನೀವು ಹೋಗಿ ತುಂಬಿ ಬರ್ರಿ ಅಕ್ಕ. ನೀವು ಮುತ್ತೈದಿ.”

“ಅವಳನ್ನೇ ಇಲ್ಲಿಗೆ ಕರೆದ್ರೆ ಆಗುದಿಲ್ವಾ ಮಾರಾಯ್ತಿ?”

“ಬಂದ್ರೂ ನಾ ತುಂಬಬಾರದ್ರಿ. ಗಂಡ ಸತ್ತಾಕಿ ಕೈ ಉಡಿಗೆ ಹತ್ತಬಾರ್ದು. ನಾ ಅಂತೂ ಕೊಂದಾಕಿ.”

ನನಗೆ ಅಳು ಬಂತು, ಆ ಹುಡುಗಿಯ ಮೇಲೆ ಸಿಟ್ಟೂ ಬಂತು. ಎರಡು ಮಾತು ಬೈದೇ ಬರುತ್ತೇನೆಂದು ರಿಕ್ಷಾ ಹತ್ತಿದೆ.

ಬೈಯುವುದಕ್ಕೆ ಆಗಲಿಲ್ಲ. ಗಂಟನ್ನು ನೋಡಿದ್ದೇ ಸಪ್ನಾ, “ಅವ್ವ ಎಲ್ಲಿ?” ಅಂದಳು. ಅವಳು ನಾಕಾ ದಾಟುವ ಹಾಗಿಲ್ಲ ಅಂದೆ. ಗಂಟನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ನನಗಿಂತ ಮೊದಲು ಹೋಗಿ ರಿಕ್ಷಾದಲ್ಲಿ ಕೂತಳು.

ಬಾಗಿಲಲ್ಲಿ ಮಗಳನ್ನು ಕಂಡ ಸೋಮವ್ವ ಗೋಡೆಗೆ ಸರಿದು ನಿಂತಳು. ಚಾಳಿನ ಹೆಂಗಸರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಸಪ್ನಾ ನೆಲದ ಮೇಲೆ ಕೂತು ತನ್ನ ಓಢಣಿಯನ್ನೇ ಉಡಿಯಾಗಿ ಹರವಿದಳು.

“ತುಂಬು ಅವ್ವಾ.”

“ನಾ ಬ್ಯಾಡವ್ವ. ಸೇವಂತಕ್ಕ ತುಂಬತಾರ. ನಿನ್ನ ಕೂಸಿಗೆ ಏನರ ಆದ್ರ...”

“ಅಪ್ಪ ಆ ದಿನ ನನ್ನ ಮ್ಯಾಲೆ ಬಂದಿದ್ದ,” ಸಪ್ನಾ ತಡವರಿಸುತ್ತ ಹೇಳಿದಳು. “ನೀ ನಡುವ ಬಂದಿ. ಕೋರ್ಟ್‌ನಾಗ ನನ್ನ ಹೆಸರ ತಗೀಲಿಲ್ಲ. ನಾ ಭೀ ಚುಪ್ ಕೂತೆ. ಜೈಲಿಗೆ ಹೆಂಗ ಬರ್ಲಿ, ಶರಮ್ ಆಗ್ತಿತ್ತು. ನೀ ಇರಲಿಲ್ಲಂದ್ರ ನಾನೇ ಇಲ್ಲ, ಇದು ಎಲ್ಲಿಂದ?” ಅಂದು ಹೊಟ್ಟೆ ಮುಟ್ಟಿಕೊಂಡಳು. “ಬ್ಯಾರೇದವರ ಕೈ ನನಗ ನಕೋ, ಬ್ಯಾಡ.”

ಸೋಮವ್ವ ಮುಂದೆ ಬಂದು ಕೂತಳು. ಮೊದಲ ಬೊಗಸೆ ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಎರಡನೆಯ ಬೊಗಸೆಗೆ ಸಪ್ನಾ ಅವ್ವನ ಎರಡೂ ಕೈಗಳನ್ನು ಕೆಳಗಿನಿಂದ ಹಿಡಿದುಕೊಂಡಳು.