ಗಾಳಿ ಕೊಯ್ಯುವ ವಗ್ದಿ

ಒಂದು ಗುಂಡಿ ಒತ್ತಲು ಇಷ್ಟು ಹೆದರುವ ಮನುಷ್ಯ ಅಲೆಕ್ಸಾಂಡ್ರಿಯಾದಲ್ಲಿ ಇನ್ನೊಬ್ಬನಿಲ್ಲ, ಅದಕ್ಕೇ ಉಸ್ತಾ, ಅಂದರೆ ಮೇಸ್ತ್ರಿ, ವಗ್ದಿಯ ವಿಷಯ ಹೇಳಬೇಕು. ಟ್ರಾಮ್ ಓಡಿಸಿ ನಿವೃತ್ತನಾದವನು, ಬಾಲ್ಕನಿಯಲ್ಲಿ ತಾನೇ ಜೋಡಿಸಿದ, ಕಂಪ್ಯೂಟರ್ ಹೇಳಿದಂತೆ ಲೋಹ ಕೊಯ್ಯುವ ಸಿಎನ್‌ಸಿ ಮಷೀನ್ ಇಟ್ಟುಕೊಂಡಿದ್ದಾನೆ. ಲೋಹದ ತುಂಡನ್ನು ಬಿಗಿಯುತ್ತಾನೆ, ಅಲ್ಲಾಡಿಸಿ ನೋಡುತ್ತಾನೆ, ಮತ್ತೆ ಬಿಗಿಯುತ್ತಾನೆ. ಅದರ ಮೇಲೆ ಸಿಗರೇಟಿನ ಕಾಗದವಿಟ್ಟು, ಕಾಗದ ಎಳೆದರೆ ತಡೆಯುವಷ್ಟು ಕಟರ್ ಇಳಿಸಿ, ಎತ್ತರದ ಅಳತೆಗೆ ಅದೇ ಸೊನ್ನೆ ಎನ್ನುತ್ತಾನೆ. ಆಮೇಲೆ ಕಟರನ್ನು ಗೇಣೆತ್ತರ ಏರಿಸಿ, ಇಡೀ ಕೆಲಸವನ್ನು ಬರೀ ಗಾಳಿಯಲ್ಲಿ ಮೂರು ಸಲ ಓಡಿಸುತ್ತಾನೆ. ಮೊನ್ನೆ ಕೆಳಮನೆಯ ದರ್ಜಿ ಉಮ್ಮ್ ಸಾಬಿರಳ ಹೊಲಿಗೆ ಯಂತ್ರದ ಹಲ್ಲುಚಕ್ರ ಮುರಿಯಿತು. ಗುರುವಾರಕ್ಕೆ ಮದುವೆಯ ಬಟ್ಟೆ ಕೊಡಬೇಕು, ಅಂಗಡಿಯಲ್ಲಿ ಆ ಚಕ್ರ ಸಿಗದು, ವಗ್ದಿಯ ಹತ್ತಿರ ಇದ್ದದ್ದು ಒಂದೇ ಹಿತ್ತಾಳೆ ತುಂಡು. "ಉಸ್ತಾ, ಗಾಳಿ ಕೊಯ್ದಿದ್ದು ಸಾಕು, ಹಿತ್ತಾಳೆ ಕೊಯ್ಯಪ್ಪ," ಎಂದಳು. "ಇನ್ನೊಂದೇ ಸಲ, ಅಕ್ಕ." "ಅಷ್ಟೊತ್ತಿಗೆ ಮದುವೆ ಹುಡುಗಿಗೆ ಮೊಮ್ಮಕ್ಕಳಾಗ್ತವೆ." ಅವನು ನಗಲಿಲ್ಲ. ನಾಲ್ಕು ವರ್ಷದ ಹಿಂದೆ ಅವಸರದಲ್ಲಿ ಗಾಳಿಯ ಓಟ ಬಿಟ್ಟಿದ್ದ. ತುಂಡು ಹಿಡಿದಿದ್ದ ಬೋಲ್ಟಿಗೆ ಕಟರ್ ಬಡಿದು ಸಿಡಿಯಿತು, ಚಹಾ ತಂದಿದ್ದ ಹೆಂಡತಿ ನಗ್ವಾಳ ಎಡಗಣ್ಣು ಹೋಯಿತು. ಈಗ ಅವಳು ಒಳಗಿನಿಂದ ಬಾಲ್ಕನಿ ಬಾಗಿಲ ಚಿಲಕ ಹಾಕಿ, "ಹಾಕ್ದೆ, ಒತ್ತಿ," ಎಂದ ಮೇಲೇ ಅವನ ಬೆರಳು ಮುಂದೆ ಹೋಗುತ್ತದೆ. ಉಮ್ಮ್ ಸಾಬಿರ್ ಬಾಗಿಲ ಹಿಂದೆ ನಗ್ವಾಳ ಪಕ್ಕ ಹೋಗಿ ನಿಂತಳು. ಬುಧವಾರ ಚಕ್ರ ಸರಿಯಾಗಿ ಕೂತಿತು. ಆ ಕಡೆ ಹೋದರೆ ಇವರನ್ನು ಕಂಡು ಬನ್ನಿ. ನಿಮ್ಮನ್ನೂ ಬಾಗಿಲ ಹಿಂದೆ ಕಳಿಸುತ್ತಾನೆ, ಬೇಜಾರಿಲ್ಲದೆ ಹೋಗಿ ನಿಲ್ಲಿ.