ತಂಗುದಾಣದ ಹೊರಗಿನ ಕರೀ ಕೊಡೆ

ಮಂಗಳಮ್ಮ ತನಗೆ ಅವಮಾನ ಮಾಡಬೇಕೆಂದೇ ಬಿಸಿಲಿನಲ್ಲಿ ನಿಲ್ಲುತ್ತಾರೆ ಎಂದು ಬಸವಪ್ರಸಾದ್ ಬಹಳ ಕಾಲ ನಂಬಿಕೊಂಡಿದ್ದ.

ನಂಬುವುದಕ್ಕೆ ಕಾರಣವೂ ಇತ್ತು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಅರಳೀಕೊಪ್ಪಲು ಗೇಟಿನ ಬಸ್ ತಂಗುದಾಣ ಅವನು ಪಂಚಾಯಿತಿ ಅಧ್ಯಕ್ಷನಾಗಿದ್ದಾಗ ಎದ್ದ ಒಂದೇ ಒಂದು ಕಟ್ಟಡ. ಅನುದಾನ ಸರ್ಕಾರದ್ದು, ಹೆಸರು ಮಾತ್ರ ಅವನದು. ಹುಣಸೂರಿನ ಕಡೆಯಿಂದ ಬರುವವರೆಲ್ಲ ಓದಲೆಂದು ಆ ಕಡೆಯ ಗೋಡೆಯ ಉದ್ದಕ್ಕೂ 'ಶ್ರೀ ಬಸವಪ್ರಸಾದ್ ರವರ ಕೊಡುಗೆ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದ. ಊರಿನ ಹೆಸರು ಅದರ ಕೆಳಗೆ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಿದರೆ ಸಿಗುವ ಹಾಗಿತ್ತು. ಒಳಗೆ ಕಲ್ಲುಬೆಂಚು, ತಣ್ಣನೆಯ ನೆರಳು. ಇಷ್ಟಿದ್ದರೂ ಸೊಪ್ಪು ಮಾರುವ ಮಂಗಳಮ್ಮ ಪ್ರತಿದಿನ ಬೆಳಿಗ್ಗೆ ತಮ್ಮ ಮಂಕರಿಯನ್ನು ನೆರಳಲ್ಲಿ ಇಟ್ಟು, ತಾವು ಮಾತ್ರ ರಸ್ತೆಯಂಚಿನಲ್ಲಿ ಕರೀ ಕೊಡೆ ಹಿಡಿದು ನಿಲ್ಲುತ್ತಿದ್ದರು.

"ಎಲೆಕ್ಷನ್ನಲ್ಲಿ ಕೈಕೊಟ್ಟಿದ್ದು ಸಾಲ್ದು ಅಂತ ಆಯಮ್ಮ ನನ್ನ ನೆರಳಲ್ಲೂ ಕೂರಲ್ವಂತೆ!" ಎಂದು ಅವನು ಮನೆಯಲ್ಲಿ ಗೊಣಗುತ್ತಿದ್ದ.

"ನೆರಳು ನಿಮ್ದಲ್ಲ, ಚಾವಣೀದು. ತಿಂಡಿ ತಿನ್ನಿ" ಎನ್ನುತ್ತಿದ್ದಳು ಹೆಂಡತಿ ಪೂಜಾ.

ಒಂದು ಬೆಳಿಗ್ಗೆ ಪಿರಿಯಾಪಟ್ಟಣದ ಹರಾಜು ಕಟ್ಟೆಯಲ್ಲಿ ಅವನ ತಂಬಾಕಿನ ಬೇಲುಗಳ ಸರದಿ. ಆವತ್ತೇ ಕಾರು ಕೆಟ್ಟು ಗ್ಯಾರೇಜು ಸೇರಿತ್ತು. ಬಸವಪ್ರಸಾದ್ ಮೊದಲ ಬಾರಿಗೆ ತನ್ನ ತಂಗುದಾಣದಲ್ಲಿ ತಾನೇ ಕುಳಿತ. ಕಣ್ಣಾಸ್ಪತ್ರೆಗೆ ಹೊರಟಿದ್ದ ಗುರುಶಾಂತಮ್ಮ, ಕಾಲೇಜಿನ ಮೂರ್ನಾಲ್ಕು ಹುಡುಗಿಯರು ಆಗಲೇ ಬೆಂಚಿನ ಮೇಲಿದ್ದರು. ಹೊರಗೆ ಕೊಡೆ ಇರಲಿಲ್ಲ. 'ಇವತ್ತು ಕಾಟ ತಪ್ಪಿತು' ಎಂದುಕೊಂಡು ಅವನು ನೆರಳಿನ ಸುಖದ ಬಗ್ಗೆ ಎಲ್ಲರಿಗೂ ಎರಡು ಮಾತು ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಬಸ್ಸು ಧೂಳೆಬ್ಬಿಸುತ್ತ ಮುಂದೆಯೇ ಹಾದು ಹೋಯಿತು. ಟವೆಲ್ ಬೀಸುತ್ತ ಓಡಿದವನಿಗೆ ಸಿಕ್ಕಿದ್ದು ಆ ಧೂಳು.

"ಮಂಗಳ ಬಂದಿಲ್ಲ ಅನ್ನೋದೇ ನೆಪ್ಪಾಗ್ಲಿಲ್ಲ ನೋಡು" ಎಂದು ಗುರುಶಾಂತಮ್ಮ ಹಣೆ ಬಡಿದುಕೊಂಡರು. "ನಮ್ಮಲ್ಲೇ ಯಾರಾದ್ರೂ ಆಚೆ ನಿಂತ್ಕಬೇಕಿತ್ತು."

"ಒಳಗೆ ಜಾಗ ಇರ್ವಾಗ ಆಚೆ ಯಾಕಮ್ಮ ನಿಲ್ಬೇಕು?"

"ಈ ಗೋಡೆ ಮರೇಲಿ ನಮ್ಗೆ ಬಸ್ ಕಾಣ್ತದಾ? ಡ್ರೈವರ್ಗೆ ನಾವ್ ಕಾಣ್ತೀವಾ? ಅವನ್ಗೆ ಕಾಣೋದು ನಿನ್ನೆಸ್ರು ಒಂದೇ ಕಣಪ್ಪ. ಅದನ್ನ ನೋಡಿ ಯಾವನು ಬ್ರೇಕ್ ಹಾಕ್ತಾನೆ?"

ಹುಡುಗಿಯರು ನಗು ತಡೆಯಲು ದುಪಟ್ಟಾ ಬಾಯಿಗಿಟ್ಟುಕೊಂಡರು.

ಸಂಜೆ ಬಸವಪ್ರಸಾದ್ ಮಂಗಳಮ್ಮನವರ ಮನೆಗೆ ಹೋದ. ಅವರು ಊದಿದ ಕಾಲನ್ನು ಬಿಸಿನೀರಿನ ಬಕೀಟಿನಲ್ಲಿ ಇಳಿಬಿಟ್ಟು ಕುಳಿತಿದ್ದರು. ಇನ್ನು ಹೀಗೇ ನಿಂತರೆ ಮಂಚ ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರಂತೆ.

"ಮಂಗಳಕ್ಕ, ನೀನು ನನ್ ಮೇಲಿನ ಸಿಟ್ಟಿಗೆ ಬಿಸಿಲಲ್ಲಿ ನಿಲ್ತಿದ್ದೆ ಅನ್ಕಂಡಿದ್ದೆ."

"ನಿನ್ ಮೇಲೆ ಸಿಟ್ಟು ಮಾಡ್ಕಳಕ್ಕೆ ನಂಗೆಲ್ಲಪ್ಪ ಪುರಸೊತ್ತು? ಸೊಪ್ಪು ಬಾಡೋಗ್ತದೆ."

"ನಾಳೆಯಿಂದ ನಿಲ್ಬ್ಯಾಡ ಬುಡು."

"ಬುಟ್ರೆ? ಗುರುಶಾಂತಿಗೆ ಆ ಬಸ್ಸು ಇನ್ನೊಂದ್ಸಲ ತಪ್ಪಿದ್ರೆ ಕಣ್ಣು ನೀನ್ ಕೊಡ್ತೀಯಾ?"

ಮರುದಿನ ಅವನು ಎದುರಿನ ಟೀ ಅಂಗಡಿಯಲ್ಲಿ ಕುಳಿತು ನೋಡಿದ. ಮಂಗಳಮ್ಮ ಕುಂಟುತ್ತ ಬಂದು, ಸೊಪ್ಪನ್ನು ನೆರಳಿಗೆ ಇಳಿಸಿ, ತಾವು ಬಿಸಿಲಿಗೆ ನಡೆದರು. ತಿರುವಿನ ಹುಣಸೆಮರದ ಆಚೆ ಬಸ್ಸಿನ ಮೂತಿ ಕಂಡದ್ದೇ ತಡ, ಕೊಡೆ ಮಡಿಸಿ ರಸ್ತೆಗೆ ಅಡ್ಡ ಚಾಚಿ, "ಏಳ್ರವ್ವಾ!" ಎಂದು ಒಂದೇ ಕೂಗು. ಡ್ರೈವರಿಗೂ ಆ ಕೊಡೆಯ ಪರಿಚಯ. ಬಸ್ಸು ಸೊಂಟ ಬಗ್ಗಿಸಿದ ಹಾಗೆ ನಿಂತಿತು. ಗುರುಶಾಂತಮ್ಮನನ್ನು ಕೈಹಿಡಿದು ಹತ್ತಿಸಿ, ಹುಡುಗಿಯರನ್ನು ಒಳಗೆ ದಬ್ಬಿ, ಮಂಕರಿ ಏರಿಸಿ, ಕೊನೆಗೆ ತಾವು ಹತ್ತಿದರು. ಅಷ್ಟರಲ್ಲಿ ಸೀಟೆಲ್ಲ ಮುಗಿದಿತ್ತು. ಪಿರಿಯಾಪಟ್ಟಣದವರೆಗೂ ಆ ಕಾಲಿನಲ್ಲೇ ನಿಂತು ಹೋದರು. ಅರಳೀಕೊಪ್ಪಲಿನ ನಿಜವಾದ ತಂಗುದಾಣ ಆ ಕೊಡೆಯ ಕೆಳಗಿತ್ತು. ಅದಕ್ಕೆ ಯಾರೂ ಟೇಪು ಕತ್ತರಿಸಿರಲಿಲ್ಲ.

ಬಸವಪ್ರಸಾದ್ ಗಾರೆ ಕೆಲಸದ ದೇವಯ್ಯನನ್ನು ಕರೆಸಿದ. "ಈ ಗೋಡೇಲೊಂದು ಕಿಟಕಿ ಬುಡೋದು ತಾನೆ ಆವಾಗ್ಲೇ?"

"ಬುಟ್ಟಿದ್ದೆ ಕಣಣ್ಣ. ಎಸ್ರು ಸಣ್ಣಕ್ಕಾಯ್ತದೆ ಮುಚ್ಚು ಅಂದೋರು ನೀವೇಯ."

ಕಿಟಕಿ ಬರಬೇಕಾದ ಜಾಗ ಹೆಸರಿನ ನಟ್ಟನಡುವೆ. ಹೆಸರನ್ನು ಎದುರು ಗೋಡೆಗೆ ಸಾಗಿಸಬಹುದಿತ್ತು. ಆದರೆ ಹುಣಸೂರಿನಿಂದ ಬರುವವರಿಗೆ ಆ ಗೋಡೆ ಕಾಣದು, ಆ ಗೋಡೆಗೂ ಹಾದುಹೋದ ಬಸ್ಸಿನ ಬೆನ್ನು ಮಾತ್ರ ಕಾಣುತ್ತದೆ. ಅವನು ಗೋಡೆಯ ಮುಂದೆ ಶತಪಥ ಹಾಕಿದ, ಎರಡು ಟೀ ಕುಡಿದ. ಟೀ ಅಂಗಡಿಯವನು ಸುಮ್ಮನಿರದೆ, "ಮಂಗಳಮ್ಮನ ಕಾಲು ಇವತ್ತು ಇನ್ನೂ ಊದ್ಕಂಡಿತ್ತು" ಎಂದ. ಬಸವಪ್ರಸಾದ್ ಲೋಟ ಇಟ್ಟು, "ಒಡೀಲಾ ದೇವಯ್ಯ" ಎಂದವನೇ ಬೇರೆ ಕಡೆ ಮುಖ ತಿರುಗಿಸಿದ.

ಕಿಟಕಿ ದೊಡ್ಡದಾಗಿಯೇ ಆಯಿತು. ಅದರ ಎಡಕ್ಕೆ 'ಶ್ರೀ', ಬಲಕ್ಕೆ 'ರವರ ಕೊಡುಗೆ' ಉಳಿಯಿತು. ನಡುವೆ ಗಾಳಿ, ರಸ್ತೆ, ದೂರದ ಹುಣಸೆಮರ. ಅಲ್ಲಿಂದಲೇ ಡ್ರೈವರಿಗೂ ಒಳಗಿರುವವರ ತಲೆಗಳು ಕಾಣುತ್ತಿದ್ದವು.

ಕಿಟಕಿ ಆದ ಮರುದಿನ ಬೆಳಿಗ್ಗೆ ಮಂಗಳಮ್ಮ ಕೊಡೆಯನ್ನು ಗೋಡೆಗೊರಗಿಸಿ, ಮೊದಲ ಸಲ ಕಲ್ಲುಬೆಂಚಿನ ಮೇಲೆ ಕುಳಿತು ಕಾಲು ನೀಡಿದರು. ತಲೆ ಎತ್ತಿ ಚಾವಣಿ ನೋಡಿ, ಬೆಂಚು ಸವರಿ, "ಪರ್ವಾಗಿಲ್ಲ, ಚೆನ್ನಾಗದೆ" ಎಂದರು. ಆ ಒಂದು ಮಾತಿಗೆ ಬಸವಪ್ರಸಾದನ ಎದೆ ಮತ್ತೆ ಉಬ್ಬಿತು. ಅವನು ಕಿಟಕಿಯ ಮುಂದೆ ಬಂದು, ಫೋಟೋಗೆ ನಿಂತವನಂತೆ ಸೊಂಟದ ಮೇಲೆ ಕೈಯಿಟ್ಟ.

"ಮಂಗಳಕ್ಕ, ಎಸ್ರಂತೂ ಹೋಯ್ತು. ಈ ಕಿಟಕೀಲಿ ನೋಡ್ವಾಗೆಲ್ಲ ನಿಂಗೆ ನನ್ನ ನೆಪ್ಪು ಬತ್ತದಾ?"

"ಬಸ್ ಬತ್ತದೆ ಕಣಪ್ಪ. ಅತ್ಲಾಗೆ ಸರ್ಕೋ, ಅಡ್ಡ ನಿಂತಿದ್ದೀಯ."