ನೀಲಿಗಟ್ಟಿದ ಡಿಸ್ಕುಗಳು

ಕೋವಿಡ್ ಅಡಗಿ ಪ್ರವಾಸಿಗರು ಮತ್ತೆ ಬರತೊಡಗಿದ ವರ್ಷಗಳಲ್ಲಿ ನಾನು ಅಬುಧಾಬಿಯ ಒಂದು ಡೆಸರ್ಟ್ ಸಫಾರಿ ಕಂಪನಿಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್ ಆಗಿ ಸೇರಿಕೊಂಡೆ. ಮನೆ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ಕೆಲಸ ಊರಾಚೆಯ ಮರಳುಗಾಡಿನ ಕ್ಯಾಂಪಿನಲ್ಲಿ. ನನ್ನ ಪಾಲಿಗೆ ಬಂದದ್ದು ಕ್ವಾಡ್ ಬೈಕುಗಳು: ನಾಲ್ಕು ದಪ್ಪ ಚಕ್ರ, ಒಂದು ಸೀಟು, ಹೆಬ್ಬೆರಳಲ್ಲಿ ಒತ್ತುವ ಆಕ್ಸಿಲರೇಟರ್. ಜನ್ಮದಲ್ಲಿ ಸೈಕಲ್ ಹೊಡೆಯದವರೂ ಹೆಲ್ಮೆಟ್ ಏರಿಸಿಕೊಂಡು ಮರಳಿನ ದಿಬ್ಬ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಇದರಲ್ಲಿ ಏನು ಸುಖವೋ, ಹುಬ್ಬಳ್ಳಿಯವನಾದ ನನ್ನ ತಲೆಗೆ ಇವತ್ತಿಗೂ ಹೊಳೆದಿಲ್ಲ.

ಆ ಚಳಿಗಾಲ ಆರು ಗಾಡಿಗಳ ಹಿಂದಿನ ಬ್ರೇಕ್ ಪ್ಯಾಡ್‌ಗಳು ವಿಪರೀತ ಸವೆಯತೊಡಗಿದವು. ತಿಂಗಳುಗಟ್ಟಲೆ ಬಾಳಬೇಕಾದ ಪ್ಯಾಡ್ ಎರಡು ವಾರಕ್ಕೇ ಸವೆದು ಒಳಗಿನ ತಗಡು ತೋರಿಸುತ್ತಿತ್ತು. ನಮ್ಮಲ್ಲಿ ಒಬ್ಬೊಬ್ಬ ಗೈಡ್‌ಗೆ ಆರಾರು ಗಾಡಿಗಳ ಒಂದು ಸಾಲು. ಸವೆದ ಆರೂ ವಸಂತನ ಸಾಲಿನವು. ವಸಂತ ಕಾರ್ಕಳ ಕಡೆಯವನು, ಮೆಲುಮಾತಿನವನು, ಗೈಡ್‌ಗಳಲ್ಲೆಲ್ಲ ಹಳಬ. ಆಪರೇಷನ್ಸ್ ಮ್ಯಾನೇಜರ್ ರೊನಾಲ್ಡ್ ಅವನ ಊರಿನ ಕಡೆಯವರೇ ಆದರೂ ದಯೆ ತೋರಿಸಲಿಲ್ಲ.

"ಅವನದ್ದು ಓಡಿಸುವ ಕ್ರಮವೇ ಸರಿ ಇಲ್ಲ ಸರ್. ಮುಂದಿನ ತಿಂಗಳು ವೀಸಾ ರಿನ್ಯೂವಲ್ ಉಂಟು. ನೀವೊಂದು ರಿಪೋರ್ಟ್ ಕೊಡಿ, ನಾನು ಕ್ಯಾನ್ಸಲ್ ಮಾಡ್ತೇನೆ" ಎಂದರು.

ನನಗೆ ರೇಗಿತು. ಕಾರಣ ಗೊತ್ತಾಗುವ ಮೊದಲೇ ಅಪರಾಧಿಯನ್ನು ಗೊತ್ತುಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇದು ಮರಳಿನ ಕೆಲಸವೇ ಎಂದು ತೋರಿಸಿ ವಸಂತನನ್ನು ಉಳಿಸಬೇಕೆಂದು ಹಟ ಹಿಡಿದೆ. ಪ್ಯಾಡ್‌ಗಳ ಬ್ರ್ಯಾಂಡ್ ಬದಲಿಸಿದೆ, ಗಾಡಿ ತೊಳೆಯುವ ರೀತಿ ಬದಲಿಸಿದೆ. ಸವೆತ ಹಾಗೆಯೇ ಇತ್ತು. ಕೊನೆಗೆ ಡಿಸ್ಕ್ ಕಳಚಿ ಬಿಸಿಲಿಗೆ ಹಿಡಿದೆ. ಡಿಸ್ಕ್ ಎಂದರೆ ಪ್ಯಾಡ್‌ಗಳು ಎರಡೂ ಕಡೆಯಿಂದ ಅವುಚಿ ಹಿಡಿಯುವ ಉಕ್ಕಿನ ತಟ್ಟೆ. ಮರಳು ತಿಂದಿದ್ದರೆ ಅದರ ಮೇಲೆ ಗೀರು ಬೀಳುತ್ತದೆ. ಇಲ್ಲಿ ಗೀರುಗಳಿರಲಿಲ್ಲ, ಉಕ್ಕು ನೀಲಿಗಟ್ಟಿತ್ತು. ನೀಲಿ ಬರುವುದು ಶಾಖಕ್ಕೆ. ಅಂದರೆ ಗಾಡಿ ಓಡುವಷ್ಟು ಹೊತ್ತೂ ಬ್ರೇಕ್ ಸ್ವಲ್ಪ ಹಿಡಿದೇ ಇತ್ತು.

ಮರುದಿನ ಯಾರಿಗೂ ಹೇಳದೆ, ಸಂಜೆಯ ಟೂರ್ ಮುಗಿಯುವ ಹೊತ್ತಿಗೆ ಕ್ಯಾಂಪಿಗೆ ಹೋದೆ. ಪ್ರವಾಸಿಗರು ಚಹಾದ ಟೆಂಟಿನತ್ತ ನಡೆದಿದ್ದರು. ವಸಂತನ ಸಾಲಿನ ಮೊದಲ ಗಾಡಿಯ ಹಿಂದಿನ ಡಿಸ್ಕ್ ಹತ್ತಿರ ಕೈ ಒಯ್ದೆ, ಬೆರಳು ಚುರ್ ಎಂದಿತು. ಅಷ್ಟರಲ್ಲಿ ವಸಂತ ಸ್ಪ್ಯಾನರ್ ಹಿಡಿದು ಬಂದ. ನನ್ನನ್ನು ಕಂಡು ಅಲ್ಲೇ ನಿಂತ.

"ಪಾರ್ಕಿಂಗ್ ಬ್ರೇಕ್ ಕೇಬಲ್ ಬಿಗಿ ಮಾಡಿದವ್ರು ನೀವ ಏನು?" ಎಂದು ಕೇಳಿದೆ.

ಅವನು ಸುಳ್ಳು ಹೇಳಲಿಲ್ಲ. ಟೂರ್‌ಗೆ ಮೊದಲು ಹಿಂದಿನ ಪ್ಯಾಡ್‌ಗಳನ್ನು ಒತ್ತುವ ಆ ಕೇಬಲ್ಲಿನ ನಟ್ ಬಿಗಿ ಮಾಡುವುದು, ಮುಗಿದ ಮೇಲೆ ಸಡಿಲಿಸುವುದು. ಅದಕ್ಕೇ ನಮ್ಮ ತಪಾಸಣೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

"ಎಂತ ಮಾಡುದು ಸರ್? ಹೋದ ವರ್ಷ ಆ ಹುಡುಗಿ ನನ್ನ ಹಿಂದೆಯೇ ಬರ್ತಾ ಇದ್ದದ್ದು. ಇಳಿಯುವಾಗ ಸ್ಪೀಡ್ ಬೇಡ ಅಂತ ಎಷ್ಟು ಹೇಳಿದ್ರೂ ಇವರು ಕೇಳುದಿಲ್ಲ. ಬ್ರೇಕ್ ಚೂರು ಹಿಡ್ಕೊಂಡಿದ್ರೆ ಗಾಡಿ ಓಡುದಿಲ್ಲ ಅಲ್ವಾ?"

ಆ ಅಪಘಾತ ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿ ಸುತ್ತಾಡಲು ಬಂದಿದ್ದ ಹುಡುಗಿ ದಿಬ್ಬದಿಂದ ಇಳಿಯುವಾಗ ಗಾಡಿ ಮಗುಚಿ ಅಡಿಗೆ ಸಿಕ್ಕಿದಳು. ಜೀವ ಉಳಿಯಿತು, ಕಾಲು ಮತ್ತೆ ಸ್ವಾಧೀನಕ್ಕೆ ಬರಲಿಲ್ಲ. ತಪ್ಪು ಗೈಡ್‌ನದಲ್ಲ ಎಂದು ತೀರ್ಮಾನವಾಗಿತ್ತು. ಆದರೆ ಅವಳ ಮೇಲಿಂದ ಗಾಡಿ ಎತ್ತಿದವನು ವಸಂತ. ಆಮೇಲೆ ಅವನು ಆಕ್ಸಿಲರೇಟರ್‌ಗೆ ಲಿಮಿಟರ್ ಹಾಕಿಸಿ ಎಂದು ಕೇಳಿದ್ದನಂತೆ. ಲಿಮಿಟರ್ ಎಂದರೆ ವೇಗಕ್ಕೆ ಮಿತಿ ಹಾಕುವ ಒಂದು ಸ್ಕ್ರೂ. ಆಫೀಸು ಒಪ್ಪಿರಲಿಲ್ಲ.

ನಾನು ಬೈಯಲಿಲ್ಲ. "ಇಲ್ಲಿ ಕೂಡ್ರಿ, ಕಾಲಿಂದ ಬ್ರೇಕ್ ಒತ್ತಿ ನೋಡ್ರಿ" ಎಂದೆ. ಅವನು ಒತ್ತಿದ. ಪೆಡಲ್ ಮೆತ್ತಗೆ ಕೊನೆಯವರೆಗೂ ಇಳಿದುಹೋಯಿತು. ಶಾಖಕ್ಕೆ ಬ್ರೇಕ್ ಆಯಿಲ್ ಕುದಿದು ಒಳಗೆ ಗುಳ್ಳೆ ಎದ್ದಿತ್ತು. ಹಿಂದಿನ ಬ್ರೇಕ್ ಇದ್ದೂ ಇಲ್ಲದಂತಾಗಿತ್ತು. ಇಳಿಜಾರಿನಲ್ಲಿ ಗಾಬರಿಬಿದ್ದು ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಗಾಡಿ ಮಗುಚುತ್ತದೆ, ಆ ಹುಡುಗಿಯದು ಮಗುಚಿದ ಹಾಗೆಯೇ. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಬೇಕಾಯಿತು.

ವಸಂತ ಗಾಡಿಯಿಂದಿಳಿದು ಮರಳಿನಲ್ಲಿ ಕುಸಿದು ಕುಳಿತ. "ನಾನು ನಿಲ್ಲಿಸ್ಲಿಕ್ಕೆ ಮಾಡಿದ್ದು ಮಾರ್ರೆ..." ಎಂದ. ಆವರೆಗೆ ಒಮ್ಮೆಯೂ ಅವನು ನನ್ನನ್ನು ಸರ್ ಎನ್ನದೆ ಮಾತಾಡಿದವನಲ್ಲ.

ಮುಚ್ಚಿಡುವಂತಿರಲಿಲ್ಲ. ರಿಪೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಅವನಿಗೆ ಬೇರೆ ಕೆಲಸ ಕೊಡಿ, ಎಲ್ಲ ಗಾಡಿಗಳಿಗೂ ಲಿಮಿಟರ್ ಹಾಕಿಸಿ ಎಂದೂ ಬರೆದೆ. ರೊನಾಲ್ಡ್ ಮೊದಲ ಭಾಗ ಓದಿ, ಉಳಿದದ್ದರ ಮೇಲೆ ಕಣ್ಣಾಡಿಸಿ ಕಾಗದ ಕೆಳಗಿಟ್ಟರು.

"ಲಿಮಿಟರ್ ಹಾಕಿದ್ರೆ ಗಾಡಿ ದಿಬ್ಬ ಹತ್ತುದಿಲ್ಲ ಸರ್, ಗೆಸ್ಟ್ ಕಂಪ್ಲೇಂಟ್ ಮಾಡ್ತಾರೆ. ಬ್ರೇಕಿಗೆ ಕೈ ಹಾಕಿದವನನ್ನು ಇಟ್ಕೊಳ್ಳಿಕ್ಕೂ ಆಗುದಿಲ್ಲ. ಖಲಾಸ್."

ಕಂಪನಿಗೆ ಬ್ರೇಕಿಗೆ ಕೈ ಹಾಕಿದ ಗೈಡ್ ಬೇಡ ಎನ್ನುವುದು ನನಗೂ ಅರ್ಥವಾಗುತ್ತದೆ. ಉಳಿದ ಅರ್ಧ ಮಾತು ಅರ್ಥವಾಗುವುದಿಲ್ಲ.

ಊರಿಗೆ ಹೊರಡುವ ಮುನ್ನ ವಸಂತ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಉಪ್ಪಿಟ್ಟು ಮಾಡಿದ್ದಳು, ಅವನು ತಟ್ಟೆ ಮುಟ್ಟಲಿಲ್ಲ. ನನ್ನ ಮೇಲೆ ಸಿಟ್ಟಿರಬಹುದೆಂದು ಬೈಗುಳಕ್ಕೆ ಸಿದ್ಧನಾಗಿ ಕುಳಿತಿದ್ದೆ. ಲಿಫ್ಟಿನ ಹತ್ತಿರ ಅವನು ಕೇಳಿದ್ದು ಒಂದೇ ಮಾತು: "ಲಿಮಿಟರ್ ಹಾಕ್ತಾರಂತಾ ಸರ್?"

"ನೋಡೋಣ" ಎಂದೆ. ಅವನಿಗೆ ಉತ್ತರ ತಿಳಿಯಿತು.

ಸವೆದ ತಗಡು ನೋಡಿ ಶಾಖ ಎಲ್ಲಿ ಹುಟ್ಟಿತೆಂದು ಹೇಳುವುದು ಕಾಲೇಜಿನಲ್ಲೇ ಬಂದ ವಿದ್ಯೆ. ಯಾರ ಹೆದರಿಕೆ ಅದನ್ನು ಸವೆಸಿತು ಎಂದು ಕೇಳುವುದನ್ನು ಈ ಕೆಲಸ ಕಲಿಸಿತು. ಕೇಳಿ ತಿಳಿದು ಬರೆದುಕೊಟ್ಟರೂ ಜನ ತಮಗೆ ಬೇಕಾದಷ್ಟೇ ಓದುತ್ತಾರೆ ಎನ್ನುವುದನ್ನೂ ಅದೇ ಕಲಿಸಿತು.

ಆ ಆರು ಗಾಡಿಗಳ ಪ್ಯಾಡ್‌ಗಳು ಈಗ ಅವಧಿ ಪೂರ್ತಿ ಬಾಳುತ್ತವೆ. ರೊನಾಲ್ಡ್‌ಗೆ ಸಮಾಧಾನ. ದಿಬ್ಬದ ಆಚೆ ಬದಿಯಲ್ಲಿ ಗಾಡಿಗಳು ಪೂರ್ತಿ ವೇಗದಲ್ಲಿ ಇಳಿಯುತ್ತವೆ, ಹೆದರುವವರು ಯಾರೂ ಉಳಿದಿಲ್ಲ.